ರೆಸಾರ್ಟ್ ಬುಕಿಂಗ್ ಕೈಕೊಟ್ಟರೆ? ಕೊಡಗಿನ ಬ್ಯಾಂಡ್‌ನವರು ಮೊದಲೇ ಮಾಡಿಕೊಳ್ಳಬೇಕಾದ ಕೆಲಸ

ಡಿಸೆಂಬರ್ 31ರ ಸಂಜೆ ನಾಲ್ಕೂವರೆ. ಮಡಿಕೇರಿಯಿಂದ ಸ್ವಲ್ಪ ಆಚೆ, ಕಾಫಿ ತೋಟದೊಳಗಿನ ಒಂದು ರೆಸಾರ್ಟ್. ಪಿಕಪ್‌ನಿಂದ ಸ್ಪೀಕರ್ ಇಳಿಸುತ್ತಿದ್ದೆವು. ನೋಡಿದರೆ ಲಾನ್ ಮೇಲೆ ಆಗಲೇ ಡಿಜೆಯೊಬ್ಬ ಲೈಟ್ ಕಟ್ಟುತ್ತಿದ್ದಾನೆ. ಮ್ಯಾನೇಜರ್ ಬಂದು, 'ಅಯ್ಯೋ, ನಿಮಗೆ ಯಾರೂ ಹೇಳಿಲ್ವಾ ಸಾರ್?' ಎಂದ. ಇಳಿಸಿದ ಸ್ಪೀಕರನ್ನು ಮತ್ತೆ ಹತ್ತಿಸಿದೆವು. ಅಡ್ವಾನ್ಸ್ ತಗೊಂಡಿರಲಿಲ್ಲ. ಪರಿಚಯದವರು, ಕೇಳುವುದು ಹೇಗೆ ಎಂಬ ಸಂಕೋಚ.

ಪಿಕಪ್ ಬಾಡಿಗೆ ಕೈಯಿಂದ ಹೋಯಿತು. ಅದಕ್ಕಿಂತ ಹೊಟ್ಟೆ ಉರಿದದ್ದು, ಅದೇ ದಿನಕ್ಕೆ ಕರೆದಿದ್ದ ಇನ್ನಿಬ್ಬರಿಗೆ ನಾವು 'ಆಗಲ್ಲ' ಎಂದಿದ್ದೆವಲ್ಲ, ಅದು. ಹಾಡನ್ನು ನಾಳೆಯೂ ಹಾಡಬಹುದು. ಡಿಸೆಂಬರ್ 31 ವರ್ಷಕ್ಕೆ ಒಂದೇ. ಏಪ್ರಿಲ್-ಮೇ ಮದುವೆ ಸೀಸನ್ನಿನ ಭಾನುವಾರಗಳೂ ಹಾಗೇ. ನಮ್ಮ ಸರಕು ತಾರೀಖು. ಅದನ್ನು ಸಾಲಕ್ಕೆ ಕೊಡಬಾರದು.

ಮಾತಾಡುತ್ತಿರುವುದು ಯಾರು?

ಮೊದಲು ಇದನ್ನು ಕೇಳಿ. ಇಲ್ಲಿ ಎಷ್ಟೋ ಹೋಂಸ್ಟೇ, ರೆಸಾರ್ಟ್‌ಗಳ ಜಾಗ ಒಬ್ಬರದು, ಲೀಸ್‌ಗೆ ನಡೆಸುವವರು ಇನ್ನೊಬ್ಬರು, ಫೋನ್ ಮಾಡುವ ಮ್ಯಾನೇಜರ್ ಮೂರನೆಯವರು. ನಡುವೆ ಈವೆಂಟ್‌ನವರು ಬಂದರೆ ನಾಲ್ಕು ಕೈ. 'ಹಣ ಕೊಡುವವರು ಯಾರು ಸಾರ್?' ಎಂದು ಸೀದಾ ಕೇಳಿ. ಅಡ್ವಾನ್ಸ್ ಯುಪಿಐನಲ್ಲಿ ಬಂದಾಗ ಯಾರ ಹೆಸರು ತೋರಿಸುತ್ತದೆ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಒಂದು ಮೆಸೇಜ್ ಸಾಕು

ಬಾಯಿಮಾತಿನ ಒಪ್ಪಂದವೂ ಕಾನೂನಿನ ಕಣ್ಣಲ್ಲಿ ಒಪ್ಪಂದವೇ. ಆದರೆ ಸಾಬೀತು ಮಾಡುವುದು ಕಷ್ಟ. ದೊಡ್ಡ ಮೊತ್ತವಾದರೆ ಸ್ಟಾಂಪ್ ಪೇಪರ್ ಮೇಲೆ ಮಾಡಿಸಿ. ಉಳಿದಂತೆ ಫೋನಲ್ಲಿ ಮಾತು ಮುಗಿದ ತಕ್ಷಣ ವಾಟ್ಸಾಪ್‌ನಲ್ಲಿ ಹೀಗೊಂದು ಕಳಿಸಿ:

'ನಮಸ್ಕಾರ ಸಾರ್. ಡಿಸೆಂಬರ್ 31, ನಿಮ್ಮ ಲಾನ್‌ನಲ್ಲಿ, ಸಂಜೆ 7ರಿಂದ 10. ಐದು ಜನ. ಸೌಂಡ್ ನಮ್ಮದು, ಜನರೇಟರ್ ನಿಮ್ಮದು. ಒಟ್ಟು 40,000 ರೂಪಾಯಿ. ಅಡ್ವಾನ್ಸ್ 20,000 ಬಂದ ಮೇಲೆ ಡೇಟ್ ಖಾತ್ರಿ, ಎರಡು ದಿನ ಕಾಯುತ್ತೇವೆ. ಬಾಕಿ ಸ್ಟೇಜ್ ಹತ್ತುವ ಮೊದಲು. ಕೊನೆಯ 15 ದಿನದಲ್ಲಿ ಕ್ಯಾನ್ಸಲ್ ಆದರೆ ಅಡ್ವಾನ್ಸ್ ವಾಪಸ್ ಇಲ್ಲ. ಅದೇ ದಿನ ಆದರೆ ಪೂರ್ತಿ ಹಣ. ಮಳೆಯಿಂದ ನಿಂತರೆ ಅದೇ ಅಡ್ವಾನ್ಸ್‌ಗೆ ಬೇರೆ ದಿನ. ಸರಿಯಿದ್ದರೆ 'ಒಪ್ಪಿದೆ' ಎಂದು ಕಳಿಸಿ.'

ಮೊತ್ತ ನಿಮ್ಮ ನಿಮ್ಮ ಬ್ಯಾಂಡಿಗೆ ತಕ್ಕಂತೆ. ನೀಲಿ ಟಿಕ್ ಬಂತು ಅಂದರೆ ಒಪ್ಪಿದರು ಅಂತಲ್ಲ. ಉತ್ತರ ಬರಲೇಬೇಕು. ಮತ್ತೆ, 'ಕ್ಯಾನ್ಸಲ್ ಆದರೆ ಎರಡು ಲಕ್ಷ' ಅಂತ ಬಾಯಿಗೆ ಬಂದದ್ದು ಬರೆಯಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕೋರ್ಟ್ ಕೊಡಿಸುವುದು ನೀವು ಬರೆದ ಮೊತ್ತದ ಒಳಗೆ ನ್ಯಾಯವಾದಷ್ಟನ್ನು ಮಾತ್ರ.

ಜನರೇಟರ್ ಮಾತು ಸುಮ್ನೆ ಹಾಕಿದ್ದಲ್ಲ. ಒಂದು ಗಾಳಿ ಮಳೆಗೆ ತೋಟದ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಆಗ 'ನೀವು ಬಾರಿಸಲೇ ಇಲ್ಲವಲ್ಲ' ಎಂಬ ಮಾತು ಕೇಳಬಾರದು.

ಹತ್ತು ಗಂಟೆಯ ಜಗಳ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಹಾಲ್‌ಗೆ ವಿನಾಯಿತಿ ಉಂಟು. ಹಬ್ಬಗಳಿಗೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಬಿಡಬಹುದು. ಕೆಲವು ಓನರ್‌ಗಳು 'ಎಲ್ಲ ನಾನು ನೋಡಿಕೊಳ್ತೇನೆ' ಎನ್ನುತ್ತಾರೆ. ಗೆಸ್ಟ್‌ಗಳು ಕ್ಯಾಂಪ್‌ಫೈರ್ ಬಿಟ್ಟು ಏಳುವಾಗ ಒಂಬತ್ತು. ಹತ್ತಕ್ಕೆ ಪೊಲೀಸರು ಬರುತ್ತಾರೆ. ಆಮೇಲೆ 'ಒಂದೇ ಗಂಟೆ ಹಾಡಿದ್ರಿ, ಅರ್ಧ ತಗೊಳ್ಳಿ' ಎಂಬ ಲೆಕ್ಕ. ಪರವಾನಗಿ ಅವರ ಹೊಣೆ, ಅವರಿಂದ ತಡವಾದರೆ ಹಣ ಕಡಿಮೆ ಇಲ್ಲ. ಈ ಎರಡು ಸಾಲು ಮೆಸೇಜಿಗೆ ಸೇರಿಸಿ.

ಹಿಂದಿನ ದಿನ ಬೆಳಿಗ್ಗೆಯೇ ಫೋನ್ ಮಾಡಿ. ತೋಟದೊಳಗೆ ನೆಟ್‌ವರ್ಕ್ ಸಿಗದೆ ಸಂಜೆಯಾಗಿಬಿಡುತ್ತದೆ. ಪಿಕಪ್‌ಗೆ ಸಾಮಾನು ಹತ್ತಿಸುವ ಮೊದಲು ಇನ್ನೊಂದು ಸಲ.

ಮಳೆಗೆ ಓನರ್ ಏನು ಮಾಡ್ತಾರೆ?

ಎಲ್ಲ ಕ್ಯಾನ್ಸಲ್ಲೂ ಮೋಸವಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರೇ ಬರುವಂತಿರಲಿಲ್ಲ. ಅಂಥ ಹೊತ್ತಲ್ಲಿ ಹಣಕ್ಕೆ ಪಟ್ಟು ಹಿಡಿದರೆ ಮನುಷ್ಯತ್ವವೂ ಉಳಿಯಲ್ಲ, ಮುಂದಿನ ಪ್ರೋಗ್ರಾಂ ಕೂಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬುಕಿಂಗ್‌ಗೆ ಬದಲಿ ದಿನವನ್ನೂ ಮೊದಲೇ ಮಾತಾಡಿಕೊಳ್ಳಿ.

ಕೈಕೊಟ್ಟೇಬಿಟ್ಟರೆ

ಜಗಳ ಬೇಡ. ಸ್ಥಳದಲ್ಲೇ, ಹಾಕಿಟ್ಟ ಸ್ಪೀಕರ್ ಜೊತೆ ಒಂದು ಫೋಟೋ ತೆಗೆಯಿರಿ. 'ಹೇಳಿದ ಹೊತ್ತಿಗೆ ಬಂದಿದ್ದೇವೆ, ಪ್ರೋಗ್ರಾಂ ಬೇಡ ಎಂದಿದ್ದೀರಿ' ಎಂದು ಮೆಸೇಜ್ ಹಾಕಿ. ಹಳೆಯ ಚಾಟ್ ಅಳಿಸಬೇಡಿ, ಫೋನ್ ಬದಲಿಸಿದರೆ ಬ್ಯಾಕಪ್ ಇರಲಿ. ವಾರದೊಳಗೆ ಹಣ ಬರದಿದ್ದರೆ ವಕೀಲರಿಂದ ನೋಟಿಸ್. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಚೆಕ್ ಬೌನ್ಸ್ ಆದರೆ ದಿನ ಎಣಿಸಿ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ಸಿಕ್ಕ ಮೇಲೆ ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಬರೀ ಬಾಕಿ ಹಣದ ದಾವೆಗಾದರೆ ಮೂರು ವರ್ಷ ಸಮಯವಿದೆ.

ಕೇಸು ಹಾಕುವ ಮೊದಲೇ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಬಹುದು. ಕೋರ್ಟ್ ಶುಲ್ಕವಿಲ್ಲ. ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಉಚಿತ ಸಹಾಯವಾಣಿ 15100.

ಬೇರೆ ಬ್ಯಾಂಡ್‌ನವರಿಗೆ ವಿಷಯ ತಿಳಿಸಿ, ಆದರೆ ನಡೆದಷ್ಟೇ ಹೇಳಿ. ಫೇಸ್‌ಬುಕ್‌ನಲ್ಲಿ 'ಕಳ್ಳ' ಎಂದು ಬರೆದರೆ ಮಾನಹಾನಿ ನೋಟಿಸ್ ನಿಮಗೇ ಬರುತ್ತದೆ.

ಅದೇ ಮ್ಯಾನೇಜರ್ ಮರುವರ್ಷ ನವೆಂಬರ್‌ನಲ್ಲಿ ಫೋನ್ ಮಾಡಿದ. ಮೇಲಿನ ಮೆಸೇಜನ್ನೇ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಎರಡು ದಿನ ಕಾದು, ಆ ತಾರೀಖನ್ನು ಗೋಣಿಕೊಪ್ಪದ ಕಡೆಯ ಒಂದು ಕ್ಲಬ್ಬಿಗೆ ಕೊಟ್ಟೆವು.