ಜಾಹೀರಾತಿನ ಜಾಗವನ್ನು ಮೊದಲೇ ಗೆರೆ ಹಾಕಿ ಥೀಮ್ ಕಟ್ಟಿದ್ದು

ಚಿಕ್ಕಮಗಳೂರಿನಲ್ಲಿ ಕೂತು ಕಾಫಿ, ಮೆಣಸಿನ ರೇಟು ಹಾಕುವ ಒಂದು ಚಿಕ್ಕ ವೆಬ್‌ಸೈಟ್ ನಡೆಸುತ್ತೇನೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ನಾಲ್ಕಕ್ಕೂ 50 ಕೆಜಿ ಮೂಟೆಯ ಬೆಲೆ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, ಚೆರ್ರಿ ಅಂದರೆ ಇಡೀ ಹಣ್ಣನ್ನೇ ಒಣಗಿಸಿದ್ದು). ಕೆಳಗೆ ಕಾಳುಮೆಣಸಿನ ಕೆಜಿ ಬೆಲೆ. ಜೊತೆಗೆ ಮಳೆ, ಗೊಬ್ಬರ, ಕೊಳೆ ರೋಗದ ಬಗ್ಗೆ ಬರಹಗಳು. ಬೆಳೆಗಾರರ ಹತ್ತಿರ ಚಂದಾ ಕೇಳಲು ನನಗೆ ಮನಸ್ಸಿಲ್ಲ. ಖರ್ಚಿಗೆ ದುಡ್ಡು ಹುಟ್ಟುವುದು ಜಾಹೀರಾತಿನಿಂದಲೇ. ಅದಕ್ಕೆ ಹೊಸ ಥೀಮ್ (ಸೈಟಿನ ರೂಪ, ಜೋಡಣೆ ತೀರ್ಮಾನಿಸುವ ಕೋಡು) ಮಾಡುವಾಗ ಒಂದು ಮಾತು ಗಟ್ಟಿ ಮಾಡಿಕೊಂಡೆ: ಪುಟ ಪೂರ್ತಿ ಸಿದ್ಧವಾದ ಮೇಲೆ ಜಾಹೀರಾತು ತುರುಕುವುದು ಬೇಡ. ಅದು ಗೋಡೆ ಎದ್ದ ಮೇಲೆ ಕಿಟಕಿ ಕೊರೆದ ಹಾಗೆ. ಎಲ್ಲಿ, ಎಷ್ಟು ದೊಡ್ಡದು, ಬರದಿದ್ದರೆ ಆ ಜಾಗದಲ್ಲಿ ಏನು ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

ನಮ್ಮ ಓದುಗರು ನೋಡುವುದು ಮೊಬೈಲಿನಲ್ಲಿ, ಅದೂ ತೋಟದಲ್ಲಿ ನಿಂತು. ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಕಾಣುವ ಸೈಡ್‌ಬಾರ್ ಮೊಬೈಲಿಗೆ ಬಂದರೆ ಪುಟದ ತಳಕ್ಕೆ ಹೋಗಿ ಬೀಳುತ್ತದೆ. ಅಲ್ಲಿ ಹಾಕಿದ ಜಾಹೀರಾತನ್ನು ಯಾರು ನೋಡುತ್ತಾರೆ? ಸೈಡ್‌ಬಾರ್ ಪೂರ್ತಿ ತೆಗೆದೆ. ಒಂದೇ ಕಾಲಂ ಇಟ್ಟೆ. ಅಳತೆಗಳಲ್ಲಿ 300x250 (ಅಗಲ 300, ಎತ್ತರ 250 ಪಿಕ್ಸೆಲ್) ಪೆಟ್ಟಿಗೆಯನ್ನು ಆರಿಸಿದ್ದಕ್ಕೆ ಕಾರಣ, 360 ಪಿಕ್ಸೆಲ್ ಅಗಲದ ಫೋನಿನಲ್ಲೂ ಎರಡೂ ಕಡೆ 30 ಪಿಕ್ಸೆಲ್ ಬಿಟ್ಟು ನೆಮ್ಮದಿಯಾಗಿ ಕೂರುತ್ತದೆ, ಕಂಪ್ಯೂಟರಿನಲ್ಲೂ ಬರಹದ ನಡುವೆ ಹೊಂದುತ್ತದೆ. ರೇಟಿನ ಪಟ್ಟಿಯ ಕೆಳಗೆ ಮಾತ್ರ 320x100ರ ಪಟ್ಟಿ. 728x90 ನಮ್ಮ ಫೋನುಗಳಲ್ಲಿ ಹಿಡಿಸುವುದೇ ಇಲ್ಲ, ಕೈಬಿಟ್ಟೆ.

ನಾನು ಜಾಸ್ತಿ ತಲೆಕೆಡಿಸಿಕೊಂಡಿದ್ದು ಪುಟ ಕುಣಿಯುವ ವಿಷಯಕ್ಕೆ. ಕೊಟ್ಟಿಗೆಹಾರ, ಕಳಸದ ಕಡೆ ಹಲವು ಕಡೆ ಸಿಗ್ನಲ್ ಒಂದು ಕಡ್ಡಿ ಇದ್ದರೆ ಹೆಚ್ಚು. ಅಕ್ಷರ ಮೊದಲು ಬರುತ್ತದೆ, ಜಾಹೀರಾತು ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ. ಬಂದ ಕೂಡಲೇ ಓದುತ್ತಿದ್ದ ಸಾಲು ಕೆಳಕ್ಕೆ ಜಾರುತ್ತದೆ. ಬೆರಳು ಇಟ್ಟ ಜಾಗಕ್ಕೆ ಜಾಹೀರಾತು ಬಂದು ನಿಲ್ಲುತ್ತದೆ. ಬೇಡದ ಕ್ಲಿಕ್ಕಿನಿಂದ ಓದುಗರಿಗೂ ಸಿಟ್ಟು, ಜಾಹೀರಾತು ಕೊಟ್ಟವರಿಗೂ ನಷ್ಟ. ಪುಟ ಹೀಗೆ ಎಷ್ಟು ಅಲುಗುತ್ತದೆ ಎಂಬುದನ್ನು ಗೂಗಲ್ ಸಿಎಲ್‌ಎಸ್ (ಕ್ಯುಮ್ಯುಲೇಟಿವ್ ಲೇಔಟ್ ಶಿಫ್ಟ್) ಎಂಬ ಅಂಕದಲ್ಲಿ ಅಳೆಯುತ್ತದೆ. ಅದು 0.1ರ ಒಳಗಿದ್ದರೆ ಒಳ್ಳೆಯದು.

ಹೀಗಾಗುವುದು ಬ್ರೌಸರಿಗೆ ಪೆಟ್ಟಿಗೆಯ ಎತ್ತರ ಮೊದಲೇ ಗೊತ್ತಿಲ್ಲದ ಕಾರಣ. ಪರಿಹಾರ ಸುಲಭ. ಪ್ರತಿ ಪೆಟ್ಟಿಗೆಗೂ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ಅಂದ, ಅಳತೆ ಹೇಳುವ ಕೋಡಿನಲ್ಲಿ, ಕನಿಷ್ಠ ಎತ್ತರ ಕೊಟ್ಟೆ. 250 ಪಿಕ್ಸೆಲ್ ಜಾಹೀರಾತಿಗೆ, ಅದರ ಮೇಲೆ ಇನ್ನಷ್ಟು ಜಾಗ ‘ಜಾಹೀರಾತು’ ಎಂಬ ಹಣೆಪಟ್ಟಿಗೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್‌ನಿಂದ ಕೆಲವು ಸಲ ಜಾಹೀರಾತು ಬರುವುದೇ ಇಲ್ಲ. ಆಗ ಪೆಟ್ಟಿಗೆಯನ್ನು ಮಡಚಿಬಿಟ್ಟರೆ ಕೆಳಗಿನ ಸಾಲು ಮೇಲಕ್ಕೆ ಹಾರುತ್ತದೆ, ಮತ್ತದೇ ಕುಣಿತ. ಜಾಹೀರಾತು ಸಿಗದಿದ್ದರೆ ಆಡ್‌ಸೆನ್ಸ್ ಪುಟದ ಕೋಡಿನಲ್ಲಿರುವ ತನ್ನ ಟ್ಯಾಗಿನ ಮೇಲೆ ‘ಅನ್‌ಫಿಲ್ಡ್’ (ತುಂಬಿಲ್ಲ) ಎಂಬ ಗುರುತು ಹಾಕುತ್ತದೆ. ಆ ಗುರುತು ಕಂಡರೆ ಅದೇ ಅಳತೆಯ ಊರಿನ ಜಾಹೀರಾತೊಂದು ಕಾಣುವ ಹಾಗೆ ಬರೆದೆ. ಪೆಟ್ಟಿಗೆ ಖಾಲಿಯೂ ಇರುವುದಿಲ್ಲ, ಪುಟ ಅಲುಗುವುದೂ ಇಲ್ಲ.

ಆಡ್‌ಸೆನ್ಸ್‌ನಲ್ಲಿ ಆಟೋ ಆಡ್ಸ್ ಎಂಬ ಸೌಲಭ್ಯವಿದೆ. ಎಲ್ಲಿ ಹಾಕಬೇಕೆಂದು ಅದೇ ನೋಡಿಕೊಳ್ಳುತ್ತದೆ. ನಾನು ಅದನ್ನು ಬಂದ್ ಮಾಡಿಟ್ಟಿದ್ದೇನೆ. ನನ್ನ ಪುಟದಲ್ಲಿ ಜಾಗ ನಾನೇ ಕೊಡಬೇಕು.

ಬರಹದ ನಡುವೆ ಜಾಹೀರಾತು ಹಾಕಲು, ಸೈಟು ನಡೆಯುವ ವರ್ಡ್‌ಪ್ರೆಸ್ ತಂತ್ರಾಂಶದ ದಿ-ಕಂಟೆಂಟ್ ಫಿಲ್ಟರ್ ಸಾಕು; ಬರಹ ತೆರೆಗೆ ಬರುವ ಮುನ್ನ ಅದರೊಳಗೆ ಏನಾದರೂ ಸೇರಿಸಲು ಅದು ಬಿಡುತ್ತದೆ. ಮೂರನೇ ಪ್ಯಾರಾ ಆದ ಮೇಲೆ ಎಂದು ಎಣಿಸುವುದು ಎಲ್ಲರೂ ಮಾಡುವ ರೀತಿ. ನಮ್ಮಲ್ಲಿ ಕೆಲವರು ಒಂದೊಂದು ಸಾಲಿಗೂ ಪ್ಯಾರಾ ಒಡೆಯುತ್ತಾರೆ, ಇನ್ನು ಕೆಲವರದ್ದು ಪುಟದುದ್ದ ಒಂದೇ ಪ್ಯಾರಾ. ಅದಕ್ಕೆ ಪ್ಯಾರಾ ಬಿಟ್ಟು ಪದ ಎಣಿಸುವ ಹಾಗೆ ಬರೆದೆ. ಉಪಶೀರ್ಷಿಕೆ ಆದ ಕೂಡಲೇ ಹಾಕುವುದಿಲ್ಲ, ಔಷಧಿ ಪ್ರಮಾಣ ಹೇಳುವ ಪಟ್ಟಿಯ ಒಳಗೆ ಖಂಡಿತ ಹಾಕುವುದಿಲ್ಲ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ನೋಡಿಕೊಂಡು ಅಳೆಯುತ್ತಿರುವವರ ಕಣ್ಣು ನಡುವೆ ಇನ್ನೊಂದು ಕಡೆ ಹೋಗಬಾರದು. ಓದುಗರಿಗೆ ಕಿರಿಕಿರಿಯಾಗದ ಜಾಹೀರಾತಿಗೆ ನಿಯಮ ಮಾಡುವ ಕೋಲಿಷನ್ ಫಾರ್ ಬೆಟರ್ ಆಡ್ಸ್ ಸಂಸ್ಥೆಯ ಅಳತೆಯಂತೆ, ಮೊಬೈಲಿನಲ್ಲಿ ಮುಖ್ಯ ಬರಹದ ಎತ್ತರದ ಶೇ. 30ಕ್ಕಿಂತ ಹೆಚ್ಚು ಭಾಗ ಜಾಹೀರಾತೇ ಆಗಿರಬಾರದು. ಈ ನಿಯಮಗಳನ್ನು ಪದೇ ಪದೇ ಮೀರುವ ಸೈಟುಗಳಲ್ಲಿ ಕ್ರೋಮ್ 2018ರ ಫೆಬ್ರುವರಿಯಿಂದ ಜಾಹೀರಾತು ತಡೆಯುತ್ತಿದೆ. ಆ ಶೇ. 30ರ ಲೆಕ್ಕದಲ್ಲಿ ಎರಡು 250ರ ಪೆಟ್ಟಿಗೆ ಬೇಕಾದರೆ ಬರಹ 1,700 ಪಿಕ್ಸೆಲ್‌ನಷ್ಟಾದರೂ ಉದ್ದ ಇರಬೇಕಾಯಿತು. ಅದಕ್ಕಿಂತ ಚಿಕ್ಕ ಬರಹಕ್ಕೆ ಕೊನೆಯಲ್ಲಿ ಒಂದೇ ಪೆಟ್ಟಿಗೆ.

ರೇಟಿನ ಪಟ್ಟಿಯ ಮೇಲೆ, ಒಳಗೆ ಯಾವ ಜಾಹೀರಾತೂ ಇಲ್ಲ. ನರ್ಸರಿಯವರೊಬ್ಬರು ಕೇಳಿದ್ದರು, “ಸಾರ್, ರೇಟಿನ ಮೇಲೇ ಹಾಕ್ಬಿಡಿ, ಎಲ್ರೂ ನೋಡ್ತಾರೆ.” ನಾನು, “ಅಣ್ಣ, ರೇಟು ನೋಡೋ ತನಕ ಅವರಿಗೆ ಬೇರೇನೂ ಕಾಣಲ್ಲ. ನೋಡಿ ಆದ್ಮೇಲೆ ಸಮಾಧಾನವಾಗಿ ನಿಮ್ಮದನ್ನ ಓದ್ತಾರೆ” ಎಂದೆ. ಅವರು ಒಪ್ಪಿದರು. ಕಾಫಿ ಕೊಳ್ಳುವ ವ್ಯಾಪಾರಿಗಳ ಜಾಹೀರಾತನ್ನು ಮಾತ್ರ ಆ ಪಟ್ಟಿಯ ಹತ್ತಿರ ಸುಳಿಯಲೂ ಬಿಡುವುದಿಲ್ಲ. ಅವರ ಜಾಹೀರಾತಿನಲ್ಲಿ ಒಂದು ಬೆಲೆ ಇದ್ದರೆ ಅದೇ ಇವತ್ತಿನ ಮಾರುಕಟ್ಟೆ ರೇಟು ಎಂದು ಯಾರಾದರೂ ತಿಳಿದುಕೊಂಡು ಮೂಟೆ ಕೊಟ್ಟುಬಿಟ್ಟರೆ? ಆ ಭಾರ ನನ್ನ ಮೇಲೆ ಬರುತ್ತದೆ. ಅದಕ್ಕೇ ಎಲ್ಲ ಜಾಹೀರಾತಿನ ಹಿನ್ನೆಲೆಗೂ ತಿಳಿ ಬೂದು ಬಣ್ಣ, ಮೇಲೆ ಹಣೆಪಟ್ಟಿ ಕಡ್ಡಾಯ. ಹಣ ಪಡೆದು ಕೊಟ್ಟ ಕೊಂಡಿಗಳಿಗೆ (ಲಿಂಕ್) ಕೋಡಿನಲ್ಲಿ ‘ಸ್ಪಾನ್ಸರ್ಡ್’ ಗುರುತೂ ಇದೆ. ಗೂಗಲ್ 2019ರಿಂದ ಅದನ್ನು ಗುರುತಿಸುತ್ತದೆ.

ಊರಿನ ಜಾಹೀರಾತು ಕೈಗೆ ಬರುವ ರೂಪವೇ ಬೇರೆ ಕತೆ. ಅಂಗಡಿಯವರು ಕಳಿಸುವುದು ಫ್ಲೆಕ್ಸ್ ಮಾಡಿಸಿದ ಕೋರೆಲ್ (ವಿನ್ಯಾಸದ ತಂತ್ರಾಂಶ) ಫೈಲು. ಆರು ಅಡಿ ಫ್ಲೆಕ್ಸನ್ನು 300 ಪಿಕ್ಸೆಲ್‌ಗೆ ಇಳಿಸಿದರೆ ಫೋನ್ ನಂಬರ್ ಕೂಡ ಓದಲಾಗುವುದಿಲ್ಲ. ಅಕ್ಷರ ನಕಲು ಮಾಡಿಕೊಳ್ಳೋಣವೆಂದರೆ ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟು, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿಂದಿ. ಅದಕ್ಕೆ ಚಿತ್ರದ ಆಸೆ ಬಿಟ್ಟು ಥೀಮಿನಲ್ಲೇ ಅಕ್ಷರದ ಜಾಹೀರಾತು ಕಾರ್ಡ್ ಮಾಡಿದೆ. ಅಂಗಡಿ ಹೆಸರು, ಒಂದು ಸಾಲು, ಊರು, ಒತ್ತಿದರೆ ಕರೆ ಹೋಗುವ ಬಟನ್. ಸಿಗ್ನಲ್ ಕಡಿಮೆ ಇದ್ದರೂ ಬರಹದ ಜೊತೆಯಲ್ಲೇ ಬಂದುಬಿಡುತ್ತದೆ.

ಈ ಕಾರ್ಡಿನಲ್ಲಿ ಸಾಲಿನ ಎತ್ತರಕ್ಕೆ ತುಂಬಾ ಹೊತ್ತು ಕೊಟ್ಟೆ. ನಮ್ಮ ಕಡೆ ಅಂಗಡಿ ಹೆಸರಿನಲ್ಲಿ ‘ಲಕ್ಷ್ಮೀ’ ತುಂಬಾ ಸಾಮಾನ್ಯ ಅಲ್ವಾ. ಆ ‘ಕ್ಷ್ಮೀ’ಯಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಹೊಂದಿಸಿದ 1.2ರ (ಅಕ್ಷರದ ಅಳತೆಯ 1.2 ಪಟ್ಟು) ಸಾಲಿನ ಎತ್ತರದಲ್ಲಿ ಅದು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನು ಕತ್ತರಿಸುವಂತೆ ಇಟ್ಟಿದ್ದರೆ ಒತ್ತೇ ಮಾಯ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿಗೆ 1.7 ಇಟ್ಟೆ, ಅಕ್ಷರ 18 ಪಿಕ್ಸೆಲ್. ಈಗ ಹೆಸರು ಪೂರ್ತಿ ಕಾಣುತ್ತದೆ. ದುಡ್ಡು ಕೊಟ್ಟವರ ಅಂಗಡಿ ಹೆಸರೇ ಮುರಿದು ಕಂಡರೆ ಅವರಿಗೆ ಎಷ್ಟು ಬೇಜಾರಾಗಬೇಡ!

ಕಾರ್ಡಿಗೆ ಶುರು ಮತ್ತು ಮುಗಿಯುವ ತಾರೀಕಿನ ಜಾಗವನ್ನೂ ಸೇರಿಸಿದ್ದೇನೆ. ನಮ್ಮ ವ್ಯಾಪಾರವೆಲ್ಲ ಕಾಲದ ಮೇಲೆ ನಡೆಯುವಂಥದ್ದು. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಸ್ಪ್ರಿಂಕ್ಲರ್, ಪಂಪ್‌ಸೆಟ್ ಬೇಕು. ಮುಂಗಾರಿಗೆ ಮುಂಚೆ ಸಸಿ. ಕುಯ್ಲಿಗೆ ಮೊದಲು ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ರಿಪೇರಿ, ಟಾರ್ಪಾಲು. ಜೂನಿನಲ್ಲಿ ಸ್ಪ್ರಿಂಕ್ಲರ್ ಜಾಹೀರಾತು ತೋರಿಸಿ ಯಾರಿಗೂ ಉಪಯೋಗವಿಲ್ಲ. ತಾರೀಕು ಮುಗಿದರೆ ಕಾರ್ಡ್ ತಾನಾಗಿ ಇಳಿಯುತ್ತದೆ, ಸಾಲಿನಲ್ಲಿ ಮುಂದಿರುವುದು ಬಂದು ಕೂರುತ್ತದೆ.

ಊರಿನವರ ಹತ್ತಿರ ಕ್ಲಿಕ್ಕಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ, ತಿಂಗಳಿಗೆ ಇಷ್ಟು ಎಂದು ಮಾತು. ಕರೆ ಬಟನ್ ಎಷ್ಟು ಸಲ ಒತ್ತಿದರು ಎಂಬುದನ್ನು ಮಾತ್ರ ಥೀಮ್ ಎಣಿಸಿಡುತ್ತದೆ. ತಿಂಗಳ ಕೊನೆಗೆ ಅದನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಮುಂದುವರಿಸಬೇಕೋ ಬೇಡವೋ ಎಂದು ಅವರು ಅದನ್ನು ನೋಡಿ ಹೇಳುತ್ತಾರೆ.