ನಿಮ್ಮ ಡೇಟಾ ಹೋಗುವ ದಾರಿ, ಕೂತಲ್ಲೇ ನೋಡಿ

ಗುರುತಿಲ್ಲದ ಊರಿನಲ್ಲಿ ವಿಳಾಸ ಕೇಳಿದರೆ ಪೂರ್ತಿ ದಾರಿ ಹೇಳುವವರು ಕಡಿಮೆ. ‘ಅರಳಿಕಟ್ಟೆ ತನಕ ಹೋಗಿ, ಅಲ್ಲಿ ಕೇಳಿ’ ಎನ್ನುತ್ತಾರೆ. ಇಂಟರ್ನೆಟ್‌ನಲ್ಲಿ ಡೇಟಾಗೆ ದಾರಿ ತೋರುವ ಸಾಧನವಾದ ರೂಟರ್ ಮಾಡುವುದೂ ಇದನ್ನೇ. ನೀವು ಕಳಿಸಿದ ಫೋಟೊ ಸಾಮಾನ್ಯವಾಗಿ 1500 ಬೈಟ್ ಮೀರದ ತುಣುಕುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ಪ್ರತಿ ರೂಟರ್ ವಿಳಾಸ ಓದಿ, ತನ್ನಲ್ಲಿರುವ ದಾರಿಗಳ ಪಟ್ಟಿ ನೋಡಿ, ಮುಂದಿನ ರೂಟರಿಗೆ ದಾಟಿಸುತ್ತದೆ. ಆಚೆಗಿನದು ಅದಕ್ಕೆ ಬೇಕಿಲ್ಲ.

ಇದನ್ನು ನೋಡಲು ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಟಿ-ಆರ್-ಎ-ಸಿ-ಇ-ಆರ್-ಟಿ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು 8.8.8.8 ಹಾಕಿ ಎಂಟರ್ ಒತ್ತಿ. ಅದು ಗೂಗಲ್‌ನ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಸಂಖ್ಯೆಯ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ.

ಮೊದಲ ಸಾಲಿನಲ್ಲಿ ಬಹುತೇಕ 192.168ರಿಂದ ಶುರುವಾಗುವ ಸಂಖ್ಯೆ ಬರುತ್ತದೆ. ಅದು ನಿಮ್ಮ ಮನೆಯ ವೈಫೈ ರೂಟರ್. ಪಕ್ಕದ ಮನೆಯಲ್ಲೂ ಅದೇ ಸಂಖ್ಯೆ ಇರಬಹುದು, ಏಕೆಂದರೆ ಹೊಸ್ತಿಲಾಚೆ ಅದು ಚಲಾವಣೆಯಲ್ಲಿಲ್ಲ. ಹೊರಗೆ ಹೋಗುವಾಗ ರೂಟರ್ ಬೇರೆ ವಿಳಾಸ ಹಚ್ಚಿ, ಕೇಳಿದ್ದು ಮೊಬೈಲೋ ಟಿವಿಯೋ ಎಂದು ಗುರುತಿಟ್ಟುಕೊಳ್ಳುತ್ತದೆ.

ಉಳಿದ ಸಾಲುಗಳು ಮೂಡುವ ಬಗೆ ಸ್ವಾರಸ್ಯದ್ದು. ಪ್ರತಿ ಪ್ಯಾಕೆಟ್ಟಿಗೂ ಆಯುಷ್ಯದ ಅಂಕಿಯೊಂದಿದೆ. ಒಂದೊಂದು ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಬಿಸಾಡಿ, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ದಾರಿ ತಪ್ಪಿದ್ದು ಸುತ್ತುತ್ತಲೇ ಇರಬಾರದೆಂದು ಈ ಏರ್ಪಾಟು. ನಮ್ಮ ಕಮಾಂಡ್ ಬೇಕೆಂದೇ ಆಯುಷ್ಯ 1, ಆಮೇಲೆ 2, 3 ಇಟ್ಟು ಕಳಿಸುತ್ತದೆ. ಆ ಸಾವಿನ ಸುದ್ದಿಗಳ ಸಾಲೇ ದಾರಿಯ ನಕ್ಷೆ! 1987ರಲ್ಲಿ ವ್ಯಾನ್ ಜೇಕಬ್ಸನ್ ಇದಕ್ಕೊಂದು ಪ್ರೋಗ್ರಾಂ ಬರೆದರು.

ನಕ್ಷತ್ರ ಚಿಹ್ನೆ ಬಂದರೆ ಗಾಬರಿ ಬೇಡ, ಕೆಲವು ರೂಟರ್‌ಗಳು ಉತ್ತರಿಸುವುದಿಲ್ಲ. ಆದರೆ ಮೊದಲ ಸಾಲಿನಲ್ಲೇ ಉತ್ತರ ಬರಲು ಹಿಡಿದ ಸಮಯ ಪದೇ ಪದೇ 100 ಮಿಲಿಸೆಕೆಂಡ್ ಎಂದು ತೋರಿಸಿದರೆ ಇಂಟರ್ನೆಟ್ ಕಂಪನಿಯನ್ನು ಬೈಯುವ ಮೊದಲು ಮನೆಯ ವೈಫೈ ನೋಡಿಕೊಳ್ಳಿ.

ರೂಟರಿನ ದಾರಿಗಳ ಪಟ್ಟಿಯಲ್ಲಿ ಒಂದೇ ವಿಳಾಸಕ್ಕೆ ಎರಡು ದಾರಿ ಹೊಂದಿದರೆ? ವಿಳಾಸಗಳ ಚಿಕ್ಕ ಗುಂಪನ್ನು ಹೆಸರಿಸುವ ದಾರಿಯೇ ಗೆಲ್ಲುತ್ತದೆ. 2008ರ ಫೆಬ್ರುವರಿ 24ರಂದು ಯೂಟ್ಯೂಬನ್ನು ತನ್ನ ದೇಶದಲ್ಲಿ ತಡೆಯಹೊರಟ ಪಾಕಿಸ್ತಾನ್ ಟೆಲಿಕಾಂ, ಅದರ 1024 ವಿಳಾಸಗಳ ಗುಂಪಿನಲ್ಲಿ 256ಕ್ಕೆ ತನ್ನತ್ತ ದಾರಿ ಸಾರಿತು. ಸುದ್ದಿ ಗಡಿ ದಾಟಿತು, ರೂಟರ್‌ಗಳು ನಂಬಿದವು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಯೂಟ್ಯೂಬ್ ಕೊನೆಗೆ 128ರ ಎರಡು ಗುಂಪು ಸಾರಿ ಟ್ರಾಫಿಕ್ಕನ್ನು ವಾಪಸ್ ಎಳೆದುಕೊಳ್ಳತೊಡಗಿತು.