ಪ್ರೆಸ್ ಇಲ್ಲದೆ ಟ್ರಕ್ಕಿನ ಸ್ಪ್ರಿಂಗ್ ಬುಷ್ ಬದಲಾಯಿಸಿದ್ದು

ಹೈಡ್ರಾಲಿಕ್ ಪ್ರೆಸ್ ಇಲ್ಲದೆ ಲೀಫ್ ಸ್ಪ್ರಿಂಗ್ ಬುಷ್ ಬಿಚ್ಚಲು ಆಗುವುದೇ ಇಲ್ಲ ಅಂತ ನಾನು ಕೇಳಿದವರೆಲ್ಲ ಹೇಳಿದ್ದರು. ಬುಷ್ ಅಂದರೆ ಸ್ಪ್ರಿಂಗ್ ಪಟ್ಟಿಯ ತುದಿಯ ಸುರುಳಿಯಲ್ಲಿ, ಅಂದರೆ ‘ಕಣ್ಣಿ’ನಲ್ಲಿ, ಬಿಗಿಯಾಗಿ ಕೂರುವ ಕೊಳವೆ: ಒಳಗೆ ಬೋಲ್ಟ್ ಹೋಗುವ ಸ್ಲೀವ್, ಹೊರಗೆ ಉಕ್ಕಿನ ಚಿಪ್ಪು, ನಡುವೆ ರಬ್ಬರ್. ಆಗುತ್ತದೆ. ಹಿಂದಿನ ಎರಡೂ ಕಡೆ ನಾನೇ ಬದಲಾಯಿಸಿ ಹತ್ತಿರ ಹತ್ತಿರ ಎರಡು ವರ್ಷ ಆಯಿತು. ಹಂಪ್ ಹತ್ತಿಸಿದಾಗ ಬರುತ್ತಿದ್ದ ಟಕ್ ಸದ್ದು ಮತ್ತೆ ಕೇಳಿಲ್ಲ.

ಬುಷ್‌ಗೆ ಅಂಥ ದುಡ್ಡೇನಿಲ್ಲ. ವರ್ಕ್‌ಶಾಪಿನಲ್ಲಿ ಕೂಲಿಯೇ ಅದರ ಐದಾರು ಪಟ್ಟು ಕೇಳಿದರು. ಬುಷ್ ಜೊತೆಗೆ ಹೊಸ ಬೋಲ್ಟ್‌ಗಳನ್ನೂ ತಂದಿಟ್ಟುಕೊಳ್ಳಿ, ಹಳೆಯವು ಉಳಿಯುತ್ತವೆ ಅಂತ ಲೆಕ್ಕ ಹಾಕಬೇಡಿ. ನನ್ನಲ್ಲಿ ಬೋಲ್ಟ್ ತುಕ್ಕು ಹಿಡಿದು ಒಳಗಿನ ಸ್ಲೀವ್‌ಗೆ ಅಂಟಿಹೋಗಿತ್ತು. ಸ್ಪಾನರ್ ಸ್ವಲ್ಪ ತಿರುಗುತ್ತಿತ್ತು, ಕೈ ಬಿಟ್ಟರೆ ವಾಪಸ್ ಬರುತ್ತಿತ್ತು. ಬೋಲ್ಟ್ ಅಲ್ಲ, ರಬ್ಬರ್ ತಿರುಚಿಕೊಳ್ಳುತ್ತಿತ್ತು. ರಾತ್ರಿಯೆಲ್ಲ ಎಣ್ಣೆ ಬಿಟ್ಟರೂ ಜಗ್ಗಲಿಲ್ಲ. ಕೊನೆಗೆ ಎರಡೂ ಬದಿ ಕೊಯ್ದು ತೆಗೆದೆ.

ರಬ್ಬರನ್ನು ಗ್ಯಾಸ್ ಕಟರಿನಲ್ಲಿ ಸುಡು ಅಂತ ಹಲವರ ಸಲಹೆ. ನಾನು ಸುಡಲಿಲ್ಲ. ಹೊಗೆಯ ಮಾತು ಬಿಡಿ, ಆ ಕಾವಿಗೆ ಸ್ಪ್ರಿಂಗಿನ ಹದ ಹೋಗುತ್ತದೆ. ರಬ್ಬರಿಗೆ ಸುತ್ತಲೂ ಒತ್ತೊತ್ತಾಗಿ 6 ಮಿ.ಮೀ. ತೂತು ಕೊರೆದೆ. ಸ್ಲೀವ್ ಸುತ್ತಿಗೆಗೆ ಹೊರಬಂತು. ಹೊರಗಿನ ಉಕ್ಕಿನ ಚಿಪ್ಪನ್ನು ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಉದ್ದಕ್ಕೆ ಸೀಳಿದೆ. ಚಿಪ್ಪು ಮುಗಿದು ಸ್ಪ್ರಿಂಗಿಗೆ ತಾಗಿದ ಕೂಡಲೇ ಬ್ಲೇಡಿನ ಸದ್ದು ಬದಲಾಗುತ್ತದೆ, ಅಲ್ಲೇ ನಿಲ್ಲಿಸಬೇಕು. ಸ್ಪ್ರಿಂಗಿನ ಕಣ್ಣಿನ ಮೇಲೆ ಬಿದ್ದ ಗೀರೇ ಮುಂದೆ ಬಿರುಕಾಗುತ್ತದೆ. ಆಮೇಲೆ ಚಾಣ ಇಟ್ಟು ಒಳಕ್ಕೆ ಮಡಚಿದರೆ ಸುಮ್ನೆ ಉದುರುತ್ತದೆ.

ಹೊಸದನ್ನು ಎಳೆದು ಕೂರಿಸಲು ಮೊದಲು ಸಾದಾ ಥ್ರೆಡ್ ರಾಡ್ (ಉದ್ದಕ್ಕೂ ನಟ್ ತಿರುಗುವ ಮರೆ ಇರುವ ಸಲಾಕೆ) ತಂದಿದ್ದೆ. ಅರ್ಧದಲ್ಲೇ ಮರೆ ಕಿತ್ತುಹೋಯಿತು, ಆ ದುಡ್ಡು ದಂಡ. ಹೆಚ್ಚು ಬಲದ 10.9 ಗ್ರೇಡಿನ ರಾಡ್ ತಂದು, ಮಾಲಿಬ್ಡಿನಮ್ ಬೆರೆತ ಗ್ರೀಸ್ ಹಚ್ಚಿ, ನಟ್ ಕೆಳಗೆ ಹಳೆಯ ಥ್ರಸ್ಟ್ ಬೇರಿಂಗ್ (ಒತ್ತಡ ಹೊತ್ತುಕೊಂಡೇ ತಿರುಗುವ ಬೇರಿಂಗ್) ಕೊಟ್ಟ ಮೇಲೆ ಸ್ಪಾನರಿನ ಭಾರ ಅರ್ಧಕ್ಕರ್ಧ ಇಳಿಯಿತು. ಮೊದಲ 5 ಮಿ.ಮೀ. ವಾಲದ ಹಾಗೆ ನೇರ ಹೋಗಲು ನಾನು ಮಾಡುವ ಉಪಾಯ ನನ್ನಲ್ಲೇ ಇರಲಿ.

ಬುಷ್ಷನ್ನು ಫ್ರೀಜರಿನಲ್ಲಿಟ್ಟೂ ನೋಡಿದೆ. 50 ಮಿ.ಮೀ. ಉಕ್ಕು ಅಷ್ಟು ಚಳಿಗೆ ಕುಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ, ಕೈಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಒಂದು ಕಡೆ ಶ್ಯಾಕಲ್‌ಗೆ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ) ರಬ್ಬರಿನ ಬದಲು ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿದ್ದೆ. ಗಟ್ಟಿಮುಟ್ಟು, ಆದರೆ ಸಿಲಿಕೋನ್ ಗ್ರೀಸ್ ಒಣಗಿದರೆ ಕಿರಗುಟ್ಟುತ್ತದೆ. ಖಾಲಿ ಓಡಿಸುವಾಗ ಕುಲುಕಾಟವೂ ಜಾಸ್ತಿ. ತೆಗೆದು ಮತ್ತೆ ರಬ್ಬರ್ ಹಾಕಿದೆ.

ಒಂದು ಮಾತ್ರ ಬಿಡಬೇಡಿ. ಆಕ್ಸಲ್ ನೇತಾಡುವಾಗ ಬೋಲ್ಟ್ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಗಾಡಿ ಇಳಿಸಿದಾಗಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಸ್ಟ್ಯಾಂಡ್ ತೆಗೆದು, ಚಕ್ರದ ಮೇಲೆ ಭಾರ ಬಿಟ್ಟು, ಸ್ವಲ್ಪ ಕುಲುಕಿಸಿ, ಆಮೇಲೆ ಪೂರ್ತಿ ಬಿಗಿದು ಟಾರ್ಕ್ ಕೊಡಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿಡುವ ಯು-ಬೋಲ್ಟ್ ಬಿಚ್ಚಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡಿ, ನನ್ನವು ಕಾಲು ಸುತ್ತು ಎಳೆದುಕೊಂಡವು.